‘1.2-ಆರ್‌ಸಿ1’ ದೊಡ್ಡದೋ, ‘1.2-1’ ದೊಡ್ಡದೋ? ಬಿಡುಗಡೆಗೆ ಮೊದಲಿನ ಆವೃತ್ತಿಗೆ ಹೆಸರಿಡುವ ಲೆಕ್ಕ

ಪ್ರಶ್ನೆ: ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಕ ನಾನು. ನಾವು ನಾಲ್ವರು ಸೇರಿ ಕನ್ನಡ–ಮಲಯಾಳ–ತುಳು ಪದಕೋಶದ ಒಂದು ಮುಕ್ತ ತಂತ್ರಾಂಶ ಮಾಡಿದ್ದೇವೆ. ಲ್ಯಾಬಿನ ಕಂಪ್ಯೂಟರುಗಳಿಗೆ ಡೆಬ್ ಪ್ಯಾಕೇಜ್ (ಡೆಬಿಯನ್ ಮಾದರಿಯ ಲಿನಕ್ಸಿನಲ್ಲಿ ತಂತ್ರಾಂಶ ಹಾಕುವ ಕಟ್ಟು), ಮೊಬೈಲಿಗೆ ಆ್ಯಪ್, ಎರಡಕ್ಕೂ ಬೇಕಾದ ಪದಪಟ್ಟಿ ತಯಾರಿಸಲು ಒಂದು ಪೈಥಾನ್ ಲೈಬ್ರರಿ. ಆರು ಶಾಲೆಗಳಿಗೆ ‘1.2-ಆರ್‌ಸಿ1’ (ಆರ್‌ಸಿ ಅಂದರೆ ‘ರಿಲೀಸ್ ಕ್ಯಾಂಡಿಡೇಟ್’, ಬಿಡುಗಡೆಯ ಅಭ್ಯರ್ಥಿ) ಎಂಬ ಹೆಸರಿನಲ್ಲಿ ಪರೀಕ್ಷೆಗೆ ಕೊಟ್ಟೆವು. ತಿಂಗಳ ಬಳಿಕ ‘1.2-1’ ಬಿಡುಗಡೆ ಮಾಡಿದಾಗ ಉಳಿದೆಲ್ಲ ಕಡೆ ಅಪ್‌ಡೇಟ್ ಆಯಿತು, ಪರೀಕ್ಷೆ ಮಾಡಿಕೊಟ್ಟ ಆ ಆರು ಶಾಲೆಗಳಲ್ಲಿ ಮಾತ್ರ ಆಗಲಿಲ್ಲ. ‘ಹೊಸದೇ ಇದೆ’ ಎನ್ನುತ್ತದೆ. ಆಲ್ಫಾ, ಬೀಟಾ, ಆರ್‌ಸಿ, ಪ್ರಿವ್ಯೂ, ನೈಟ್ಲಿ – ಇವುಗಳಲ್ಲಿ ಯಾವುದನ್ನು ಯಾವಾಗ, ಹೇಗೆ ಬರೆಯಬೇಕು? ಮಕ್ಕಳಿಗೂ ಅಧ್ಯಾಪಕರಿಗೂ ಕಾಣುವ ಕಡೆ ಏನು ಬರೆಯಬೇಕು?

ಉತ್ತರ: ಮಾಷ್ಟ್ರೇ, ನಿಮ್ಮ ಪ್ಯಾಕೇಜ್ ಕೆಟ್ಟಿಲ್ಲ. ಡೆಬ್ ಲೆಕ್ಕದಲ್ಲಿ ‘1.2-ಆರ್‌ಸಿ1’ ಎಂಬುದು ‘1.2-1’ಕ್ಕಿಂತ ದೊಡ್ಡದು. ಆರು ಶಾಲೆಯ ಕಂಪ್ಯೂಟರುಗಳು ತಮ್ಮಲ್ಲಿ ಇರುವುದೇ ಹೊಸತು ಎಂದು ಹೇಳಿದ್ದು ನಿಯಮದ ಪ್ರಕಾರ ಸರಿ.

ಮುಂದೆ ಹೋಗುವ ಮೊದಲು ಒಂದು ಮಾತು. ಆವೃತ್ತಿಯ ಹೆಸರಿನೊಳಗಿನ ಆಲ್ಫಾ, ಬೀಟಾ, ಆರ್‌ಸಿಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ನೀವು ಟೈಪ್ ಮಾಡುವಾಗ ರೋಮನ್ ಲಿಪಿಯ ಸಣ್ಣಕ್ಷರ ಬಳಸಿ. ಅಭಿಮಾನದಿಂದ ಟ್ಯಾಗಿನೊಳಗೂ (ಆವೃತ್ತಿಗೆ ಅಂಟಿಸುವ ಹೆಸರುಚೀಟಿ) ಕನ್ನಡ ಹಾಕಲು ಹೋಗಬೇಡಿ, ನಿಯಮ ಒಪ್ಪುವುದಿಲ್ಲ. ಒಪ್ಪಿದ್ದರೂ ನಮ್ಮ ಅಕಾರಾದಿಯಲ್ಲಿ ರಕಾರ ಲಕಾರಕ್ಕಿಂತ ಮೊದಲು ಬರುವುದರಿಂದ ‘ಆರ್‌ಸಿ’ ಹೋಗಿ ‘ಆಲ್ಫಾ’ದ ಹಿಂದೆ ಕೂರುತ್ತಿತ್ತು! ರೋಮನ್ ಅಕ್ಷರಮಾಲೆಯಲ್ಲಿ ಆಲ್ಫಾ, ಬೀಟಾ, ಆರ್‌ಸಿ ತಾವಾಗಿಯೇ ಸರಿಯಾದ ಸಾಲಿನಲ್ಲಿ ನಿಲ್ಲುತ್ತವೆ. ಈ ಮೂರು ಪದಗಳು ಇಷ್ಟು ಅನುಕೂಲವಾಗಿರುವುದು ಅದರಿಂದಲೇ.

ಈಗ ಡೆಬ್ ಹೇಗೆ ಹೋಲಿಸುತ್ತದೆ ನೋಡಿ. ಹೆಸರಿನಲ್ಲಿ ಕೊನೆಯ ಹೈಫನ್ ಎಲ್ಲಿದೆಯೋ ಅಲ್ಲಿ ಅದು ಎರಡು ತುಂಡು ಮಾಡುತ್ತದೆ. ಎಡಗಡೆಯದು ಮೂಲ ತಂತ್ರಾಂಶದ ಆವೃತ್ತಿ, ಬಲಗಡೆಯದು ಪ್ಯಾಕೇಜ್ ಕಟ್ಟಿದವರ ಪರಿಷ್ಕರಣೆ. ನಿಮ್ಮ ಎರಡರಲ್ಲೂ ಎಡಗಡೆ 1.2, ಅಂದರೆ ಸಮ. ಬಲಗಡೆ ಒಂದರಲ್ಲಿ ‘ಆರ್‌ಸಿ1’, ಇನ್ನೊಂದರಲ್ಲಿ ‘1’. ಪ್ರತಿ ತುಂಡನ್ನೂ ಎಡದಿಂದ ಬಲಕ್ಕೆ ಅಂಕಿಯಲ್ಲದ ಭಾಗ, ಅಂಕಿಯ ಭಾಗ, ಮತ್ತೆ ಅಂಕಿಯಲ್ಲದ ಭಾಗ ಎಂದು ಸರದಿಯಲ್ಲಿ ಹೋಲಿಸುತ್ತಾರೆ. ಮೊದಲ ಸರದಿಯಲ್ಲೇ ಒಂದು ಕಡೆ ‘ಆರ್‌ಸಿ’ ಎಂಬ ಅಕ್ಷರಗಳು, ಇನ್ನೊಂದು ಕಡೆ ಏನೂ ಇಲ್ಲ. ಏನೂ ಇಲ್ಲದ್ದಕ್ಕಿಂತ ಅಕ್ಷರ ದೊಡ್ಡದು. ಅಲ್ಲಿಗೆ ತೀರ್ಪು ಮುಗಿಯಿತು. ಹೈಫನ್ ತೆಗೆದು ‘1.2ಆರ್‌ಸಿ1’ ಎಂದು ಬರೆದಿದ್ದರೂ ಇದೇ ಗತಿ.

ಇದಕ್ಕೆಂದೇ ಡೆಬಿಯನ್‌ನವರು ಟಿಲ್ಡೆ ಗುರುತನ್ನು (~) ಇಟ್ಟಿದ್ದಾರೆ. ಅದೊಂದೇ ‘ಏನೂ ಇಲ್ಲ’ಕ್ಕಿಂತಲೂ ಸಣ್ಣದು. 1.2~ಆರ್‌ಸಿ1 ಮತ್ತು 1.2 ಹೋಲಿಸುವಾಗ ‘2’ ಆದ ಮೇಲೆ ಒಂದು ಕಡೆ ಟಿಲ್ಡೆ, ಇನ್ನೊಂದು ಕಡೆ ಖಾಲಿ; ಟಿಲ್ಡೆ ಇರುವುದು ಹಿಂದೆ ಉಳಿಯುತ್ತದೆ. ಹಾಗಾಗಿ ಪರೀಕ್ಷೆಯದ್ದಕ್ಕೆ 1.2.0~ಆರ್‌ಸಿ1-1, ಅಂತಿಮದ್ದಕ್ಕೆ 1.2.0-1. ಫೆಡೋರಾ ಕಡೆಯ ಆರ್‌ಪಿಎಂ ಕೂಡ 4.10ರಿಂದ ಟಿಲ್ಡೆಯನ್ನು ಹೀಗೆಯೇ ಓದುತ್ತದೆ.

ಹೊರಗೆ ಕೊಡುವ ಮೊದಲು ಅರ್ಧ ನಿಮಿಷದ ಪರೀಕ್ಷೆ ಸಾಕು. ಡೆಬ್ ಪ್ಯಾಕೇಜ್ ಹಾಕುವ ಡಿಪಿಕೆಜಿ ಆಜ್ಞೆಗೆ ‘ಕಂಪೇರ್-ವರ್ಷನ್ಸ್’ ಎಂಬ ಆಯ್ಕೆ ಇದೆ (ಮುಂದೆ ಎರಡು ಮೈನಸ್). ಅದರ ನಂತರ ಹಳೆಯ ಆವೃತ್ತಿ, ‘ಎಲ್‌ಟಿ’ ಎಂಬ ಎರಡಕ್ಷರ, ಹೊಸ ಆವೃತ್ತಿ ಬರೆಯಿರಿ. ಆಜ್ಞೆ ಏನನ್ನೂ ತೋರಿಸುವುದಿಲ್ಲ, ಅದರ ನಿರ್ಗಮನ ಸಂಖ್ಯೆಯಲ್ಲಿ ಉತ್ತರ ಇರುತ್ತದೆ: 0 ಎಂದರೆ ಹಳೆಯದು ನಿಜಕ್ಕೂ ಸಣ್ಣದು, 1 ಎಂದರೆ ಅಲ್ಲ. ಟಿಲ್ಡೆ ಇರುವ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡುವುದು ಕ್ಷೇಮ.

ಆರು ಶಾಲೆಗಳ ಸಂಗತಿ. ಅತಿ ಸುಲಭದ ದಾರಿ ಮುಂದಿನ ಸಂಖ್ಯೆಗೆ ಹೋಗುವುದು: ಅದೇ ಕೋಡನ್ನು 1.2.1-1 ಎಂದು ಬಿಡುಗಡೆ ಮಾಡಿ. ಎಡಗಡೆಯ ತುಂಡೇ ದೊಡ್ಡದಾಗುವುದರಿಂದ ಎಲ್ಲ ಕಡೆ ಅಪ್‌ಡೇಟ್ ಆಗುತ್ತದೆ. ಪೆನ್‌ಡ್ರೈವಿನಲ್ಲಿ ಒಯ್ದು ಡಿಪಿಕೆಜಿಯಿಂದ ನೇರ ಹಾಕುವುದಾದರೆ 1.2-1 ಕೂಡ ಕೂರುತ್ತದೆ. ಕೆಳಗಿನ ಆವೃತ್ತಿಗೆ ಇಳಿಸುತ್ತಿದ್ದೇನೆ ಎಂದು ಎಚ್ಚರಿಸಿ ಹಾಕುತ್ತದೆ, ತಡೆಯುವುದಿಲ್ಲ. ಆದರೆ ಆರು ಲ್ಯಾಬ್, ತಲಾ ಹತ್ತಿಪ್ಪತ್ತು ಕಂಪ್ಯೂಟರು ಎಂದರೆ ಪೆರ್ಲದಿಂದ ಮಂಜೇಶ್ವರದವರೆಗೆ ಯಾರು ತಿರುಗುತ್ತಾರೆ? ಇನ್ನೊಂದು ದಾರಿ ‘ಇಪಾಕ್’, ಅಂದರೆ ಹೆಸರಿನ ಮೊದಲಿಗೆ ‘1:’ ಸೇರಿಸುವುದು. ಅದನ್ನು ಮಾಡಬೇಡಿ. ಒಮ್ಮೆ ಹಾಕಿದರೆ ಆ ಪ್ಯಾಕೇಜ್ ಇರುವವರೆಗೂ ಹಾಕುತ್ತಲೇ ಇರಬೇಕು, ಒಂದು ಸಲ ಮರೆತರೆ ಮತ್ತೆ ಇದೇ ಪಾಡು. ಸಂಖ್ಯೆಗಳಿಗೆ ಬರಗಾಲವಿಲ್ಲ, 1.2.1 ಖರ್ಚಾದರೆ ನಷ್ಟವೇನೂ ಇಲ್ಲ.

ಇನ್ನು ಮೂಲ ಹೆಸರು. ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ಸಾಧನ) ಟ್ಯಾಗಿನಲ್ಲಿ ಒಂದೇ ಒಂದು ರೂಪ ಇಟ್ಟುಕೊಳ್ಳಿ, ಉಳಿದ ಕಡೆಗೆ ಅದರಿಂದ ಪರಿವರ್ತಿಸಿ. ಆ ಒಂದು ರೂಪಕ್ಕೆ ನನ್ನ ಆಯ್ಕೆ ಸೆಮ್ಯಾಂಟಿಕ್ ವರ್ಷನಿಂಗ್, ಬಾಯಿಮಾತಿನಲ್ಲಿ ಸೆಮ್‌ವರ್. ಗಿಟ್‌ಹಬ್ ಸ್ಥಾಪಕರಲ್ಲೊಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ ಬರೆದ ನಿಯಮಾವಳಿ. ಈಗ ಬಳಕೆಯಲ್ಲಿರುವ 2.0.0 ರೂಪ 2013ರದ್ದು. ಮೂರು ಸಂಖ್ಯೆ, ಒಂದು ಹೈಫನ್, ಆಮೇಲೆ ಚುಕ್ಕಿಗಳಿಂದ ಬೇರೆಯಾದ ತುಂಡುಗಳು: 1.2.0-ಆರ್‌ಸಿ.1. ಟ್ಯಾಗಿಗೆ ಮುಂದೆ ‘ವಿ’ ಸೇರಿಸುವ ರೂಢಿ ಇದೆ. ಅದು ಟ್ಯಾಗಿನ ಹೆಸರಿಗೆ ಮಾತ್ರ, ಆವೃತ್ತಿಯ ಭಾಗವಲ್ಲ. ಟಿಲ್ಡೆಯನ್ನೇ ಟ್ಯಾಗಿನಲ್ಲೂ ಇಡೋಣ ಎಂದರೆ ಗಿಟ್ ಬಿಡುವುದಿಲ್ಲ, ಅಲ್ಲಿ ಆ ಗುರುತಿಗೆ ಬೇರೆ ಕೆಲಸವಿದೆ.

ಈ ರೂಪದಲ್ಲಿ ಆ ಚುಕ್ಕಿ ಅಲಂಕಾರಕ್ಕಲ್ಲ. ಬರೀ ಅಂಕಿಗಳ ತುಂಡನ್ನು ಸೆಮ್‌ವರ್ ಸಂಖ್ಯೆಯಾಗಿ ಹೋಲಿಸುತ್ತದೆ, ಅಕ್ಷರ ಬೆರೆತ ತುಂಡನ್ನು ಪದವಾಗಿ. ಬೀಟಾ.2, ಬೀಟಾ.11 ಎಂದು ಚುಕ್ಕಿ ಇದ್ದರೆ ಹನ್ನೊಂದು ದೊಡ್ಡದು. ಚುಕ್ಕಿ ಬಿಟ್ಟು ಬೀಟಾ2, ಬೀಟಾ11 ಎಂದರೆ ಅಕ್ಷರಕ್ಕೆ ಅಕ್ಷರ ಹೋಲಿಸುವಾಗ ‘1’ ‘2’ಕ್ಕಿಂತ ಮೊದಲು, ಹಾಗಾಗಿ ಹನ್ನೊಂದನೆಯ ಬೀಟಾ ಎರಡನೆಯದಕ್ಕಿಂತ ಹಳೆಯದಾಗುತ್ತದೆ. ಒಂಬತ್ತರವರೆಗೆ ಎಲ್ಲವೂ ಚೆನ್ನ, ಹತ್ತನೆಯದಕ್ಕೆ ಮುಗ್ಗರಿಸುವುದು. ತಪ್ಪಿಸಲು 01, 02 ಎಂದು ಬರೆಯೋಣ ಎಂದರೆ ಬೀಟಾ.01 ನಿಯಮಬಾಹಿರ, ಸಂಖ್ಯೆಯ ಮುಂದೆ ಸೊನ್ನೆ ಕೂಡದು. ದೊಡ್ಡಕ್ಷರವೂ ಅಪಾಯ: ಕಂಪ್ಯೂಟರಿನ ಆಸ್ಕಿ ಅಕ್ಷರಸಾಲಿನಲ್ಲಿ ದೊಡ್ಡಕ್ಷರಗಳೆಲ್ಲ ಸಣ್ಣಕ್ಷರಗಳಿಗಿಂತ ಮೊದಲು. ಒಬ್ಬರು ದೊಡ್ಡಕ್ಷರದಲ್ಲಿ ಆರ್‌ಸಿ ಬರೆದು ಇನ್ನೊಬ್ಬರು ಸಣ್ಣಕ್ಷರದಲ್ಲಿ ಆಲ್ಫಾ ಬರೆದಿದ್ದರೆ ಆರ್‌ಸಿಯೇ ಹಳತು ಎಂದಾಗುತ್ತದೆ.

ಡಿಟಿಪಿ ಅಂಗಡಿಯ ಫೈಲುಗಳ ಹಾಗೆ ‘ಫೈನಲ್’, ‘ಫೈನಲ್-2’ ಎಂದು ಬರೆಯುವ ಚಾಳಿ ಇದ್ದರೆ ಈಗಲೇ ಬಿಡಿ. 1.2.0-ಫೈನಲ್ ಎಂಬುದು ಸೆಮ್‌ವರ್ ಕಣ್ಣಿಗೆ ಇನ್ನೊಂದು ಬಿಡುಗಡೆಪೂರ್ವ ಆವೃತ್ತಿ, ರೋಮನ್ ಅಕಾರಾದಿಯಲ್ಲಿ ಆರ್‌ಸಿಗಿಂತಲೂ ಹಿಂದಿನದು. ಅಂತಿಮ ಆವೃತ್ತಿಗೆ ಬಾಲವೇ ಇರಬಾರದು.

ಪೈಥಾನ್ ಲೈಬ್ರರಿಯ ವಿಚಾರದಲ್ಲಿ ನಿಯಮ ಬೇರೆ: ಪಿಇಪಿ 440. ಅಲ್ಲಿ ಹೈಫನ್ ಇಲ್ಲ, ಚುಕ್ಕಿ ಇಲ್ಲ: 1.2.0ಎ1, 1.2.0ಬಿ1, 1.2.0ಆರ್‌ಸಿ1. ನೀವು 1.2.0-ಆರ್‌ಸಿ.1 ಎಂದು ಕೊಟ್ಟರೂ ಪೈಥಾನ್ ಸಾಧನಗಳು ಅದನ್ನು 1.2.0ಆರ್‌ಸಿ1 ಎಂದು ತಿದ್ದಿಕೊಳ್ಳುತ್ತವೆ, ಹಾಗಾಗಿ ಇಲ್ಲಿ ಪರಿವರ್ತನೆಯ ತಲೆನೋವು ಕಡಿಮೆ. ಜಾರುವುದು ಬೇರೆ ಕಡೆ. ಡೆಬ್‌ನ 1.2.0-1 ಎಂಬುದನ್ನು ಹಾಗೆಯೇ ಪೈಥಾನಿಗೆ ನಕಲಿಸಿದರೆ ಅದು 1.2.0.ಪೋಸ್ಟ್1 ಆಗುತ್ತದೆ, ಅಂದರೆ 1.2.0ರ ನಂತರದ ಬಿಡುಗಡೆ. ‘ಪ್ರಿವ್ಯೂ’, ‘ಪ್ರೀ’ ಎಂಬ ಪದಗಳನ್ನು ಪೈಥಾನ್ ಆರ್‌ಸಿ ಎಂದೇ ಓದುತ್ತದೆ. ಇನ್ನೂ ಹಸಿಹಸಿಯಾದದ್ದನ್ನು ಪ್ರಿವ್ಯೂ ಎಂದು ಕರೆದರೆ ಅದು ಬೀಟಾವನ್ನೂ ದಾಟಿ ಮುಂದೆ ನಿಲ್ಲುತ್ತದೆ. ನಿಮ್ಮ ಪಟ್ಟಿಯಿಂದ ಪ್ರಿವ್ಯೂವನ್ನು ಹೊಡೆದುಹಾಕಿ.

ಪೈಥಾನ್ ಲೈಬ್ರರಿಗಳನ್ನು ಹಾಕಿಕೊಡುವ ಪಿಪ್ ಸಾಮಾನ್ಯವಾಗಿ ಬಿಡುಗಡೆಪೂರ್ವ ಆವೃತ್ತಿಯನ್ನು ಮುಟ್ಟುವುದಿಲ್ಲ, ‘ಪ್ರೀ’ ಆಯ್ಕೆ ಕೊಟ್ಟು ಕೇಳಿದವರಿಗೆ ಮಾತ್ರ ಹಾಕಿಕೊಡುತ್ತದೆ. ಆದರೆ ಆ ಲೈಬ್ರರಿಗಳ ಸಾರ್ವಜನಿಕ ಸಂಗ್ರಹವಾದ ಪೈಪಿಐಯಲ್ಲಿ ಅಂತಿಮ ಆವೃತ್ತಿ ಒಂದೂ ಇಲ್ಲದೆ ಬರೀ ಆಲ್ಫಾಗಳಿದ್ದರೆ ಕೇಳದವರಿಗೂ ಆಲ್ಫಾವನ್ನೇ ಕೊಡುತ್ತದೆ. ಹೊಸ ಲೈಬ್ರರಿಯ ಮೊದಲ ಆಲ್ಫಾ ಏರಿಸುವವರು ಇದನ್ನು ನೆನಪಿಡಬೇಕು. ಪೈಪಿಐಯಲ್ಲಿ ಒಮ್ಮೆ ಏರಿಸಿದ ಫೈಲಿನ ಹೆಸರನ್ನು ಅಳಿಸಿದ ಮೇಲೂ ಮತ್ತೆ ಬಳಸಲಾಗದು. ಆರ್‌ಸಿ1ರಲ್ಲಿ ಒಂದು ಫೈಲು ಬಿಟ್ಟುಹೋಗಿದ್ದು ಐದು ನಿಮಿಷದಲ್ಲೇ ಗೊತ್ತಾದರೂ ದಾರಿ ಒಂದೇ, ಆರ್‌ಸಿ2.

ನಾಲ್ಕೂ ಕಡೆಗೆ ಒಂದೇ ಆವೃತ್ತಿ ಹೇಗೆ ಕಾಣುತ್ತದೆ ಎಂದರೆ:

ಗಿಟ್ ಟ್ಯಾಗ್: ವಿ1.2.0-ಆರ್‌ಸಿ.1
ಪೈಥಾನ್: 1.2.0ಆರ್‌ಸಿ1
ಡೆಬ್: 1.2.0~ಆರ್‌ಸಿ1-1
ಆ್ಯಪ್: ಹೆಸರು 1.2.0-ಆರ್‌ಸಿ.1, ಕೋಡ್ 1020061

ಡೆಬ್‌ನಲ್ಲಿ ಚುಕ್ಕಿ ತೆಗೆದದ್ದಕ್ಕೆ ತೊಂದರೆಯಿಲ್ಲ. ಅದು ಅಕ್ಷರ, ಅಂಕಿಗಳನ್ನು ತಾನೇ ಬಿಡಿಸಿ ನೋಡುವುದರಿಂದ ಆರ್‌ಸಿ10 ಆರ್‌ಸಿ9ರ ಮುಂದೆಯೇ ನಿಲ್ಲುತ್ತದೆ. ಆದರೆ ಒಮ್ಮೆ ಚುಕ್ಕಿ ಇಟ್ಟು, ಒಮ್ಮೆ ಬಿಟ್ಟು ಬರೆಯಬೇಡಿ. ~ಆರ್‌ಸಿ.1 ಎಂಬುದು ~ಆರ್‌ಸಿ9ಕ್ಕಿಂತ ದೊಡ್ಡದಾಗಿಬಿಡುತ್ತದೆ. ಕೆಲವು ತಾಣಗಳು ಅಪ್‌ಲೋಡ್ ಮಾಡುವಾಗ ಫೈಲಿನ ಹೆಸರಿನ ಟಿಲ್ಡೆಯನ್ನು ಚುಕ್ಕಿಯಾಗಿ ಬದಲಿಸುತ್ತವೆ, ಗಾಬರಿ ಬೇಡ. ಲೆಕ್ಕಕ್ಕೆ ಬರುವುದು ಪ್ಯಾಕೇಜಿನೊಳಗಿನ ‘ಕಂಟ್ರೋಲ್’ ಫೈಲಿನಲ್ಲಿ ಬರೆದ ಆವೃತ್ತಿ.

ಆ್ಯಪಿನ ಕೋಡ್ ಎಂದೆನಲ್ಲ, ಅದು ವರ್ಷನ್‌ಕೋಡ್. ಆಂಡ್ರಾಯ್ಡ್‌ಗೆ ನೀವು ಬರೆಯುವ ಹೆಸರಿನ ಪರಿವೆಯೇ ಇಲ್ಲ. ಅದು ನೋಡುವುದು ಈ ಪೂರ್ಣಾಂಕವನ್ನು ಮಾತ್ರ. ಹೊಸದು ದೊಡ್ಡದಿರಬೇಕು, ಗೂಗಲ್ ಪ್ಲೇಯಲ್ಲಿ 2100000000 ಮೀರಬಾರದು. ಹೀಗೆ ಕಟ್ಟಬಹುದು: ಮೊದಲ ಸಂಖ್ಯೆ ಗುಣಿಲೆ 1000000, ಎರಡನೆಯದು ಗುಣಿಲೆ 10000, ಮೂರನೆಯದು ಗುಣಿಲೆ 100, ಕೊನೆಯ ಎರಡು ಅಂಕಿ ಹಂತಕ್ಕೆ. ಆಲ್ಫಾಗಳಿಗೆ 01ರಿಂದ 29, ಬೀಟಾಗಳಿಗೆ 31ರಿಂದ 59, ಆರ್‌ಸಿಗಳಿಗೆ 61ರಿಂದ 89, ಅಂತಿಮಕ್ಕೆ 99. ಹಾಗಾಗಿ 1.2.0ರ ಮೊದಲ ಆರ್‌ಸಿ 1020061, ಅಂತಿಮ 1020099, ಮುಂದಿನ 1.2.1ರ ಮೊದಲ ಆಲ್ಫಾ 1020101. ಎಲ್ಲೂ ಹಿಂದೆ ಸರಿಯುವುದಿಲ್ಲ. ಇಲ್ಲಿ ತಪ್ಪಿದರೆ ಡೆಬ್‌ಗಿಂತ ಹೆಚ್ಚು ನಷ್ಟ. ಸಣ್ಣ ಕೋಡಿನ ಆ್ಯಪನ್ನು ದೊಡ್ಡದರ ಮೇಲೆ ಹಾಕಲು ಫೋನು ಒಪ್ಪುವುದಿಲ್ಲ. ಮೊದಲು ಹಳೆಯದನ್ನು ತೆಗೆಯಬೇಕು, ತೆಗೆದರೆ ಮಕ್ಕಳು ಉಳಿಸಿಟ್ಟ ಪದಪಟ್ಟಿಯೂ ಅದರ ಜೊತೆಗೇ ಹೋಗುತ್ತದೆ.

ನೈಟ್ಲಿ, ಅಂದರೆ ದಿನದಿನದ ಕಟ್ಟು, ನಾಲ್ವರ ತಂಡಕ್ಕೆ ಬೇಕಿಲ್ಲ ಎಂದು ನನ್ನ ಅಭಿಪ್ರಾಯ. ಬೇಕೇ ಬೇಕೆಂದರೆ ‘ಡೆವ್’ ಪದದ ಬಗ್ಗೆ ಎಚ್ಚರ. ಪೈಥಾನಿನಲ್ಲಿ 1.3.0.ಡೆವ್1 ಆಲ್ಫಾಕ್ಕಿಂತಲೂ ಮೊದಲಿನದು. ಸೆಮ್‌ವರ್‌ನಲ್ಲಿ ಅದು ಬರೀ ಒಂದು ಪದ, ಅಕಾರಾದಿಯಲ್ಲಿ ಬೀಟಾದ ನಂತರ ಬರುತ್ತದೆ, ‘ನೈಟ್ಲಿ’ಯೂ ಹಾಗೆಯೇ. ಸೆಮ್‌ವರ್‌ನಲ್ಲಿ ಬರೀ ಅಂಕಿಯ ತುಂಡು ಪದಕ್ಕಿಂತ ಯಾವಾಗಲೂ ಸಣ್ಣದು, ಹಾಗಾಗಿ 1.3.0-0.20250614 ಎಂದು ಸೊನ್ನೆಯಿಂದ ಶುರುಮಾಡಿದರೆ ಆಲ್ಫಾದ ಹಿಂದೆ ಸುರಕ್ಷಿತವಾಗಿ ಕೂರುತ್ತದೆ. ಗೋ ಭಾಷೆಯವರು ಟ್ಯಾಗಿಲ್ಲದ ಕೋಡಿಗೆ ತಾವೇ ಕಟ್ಟುವ ಹೆಸರಿನಲ್ಲೂ ಈ ಸೊನ್ನೆಯ ಉಪಾಯವಿದೆ. ಡೆಬ್‌ನಲ್ಲಿ ಎರಡು ಟಿಲ್ಡೆ ಹಾಕಿ 1.3.0~~ಡೆವ್20250614 ಎಂದರೆ ಅದೇ ಫಲ.

ಇನ್ನೊಂದು ಬಲೆ ‘ಗಿಟ್ ಡಿಸ್ಕ್ರೈಬ್’ ಆಜ್ಞೆ. ಅದು ‘ವಿ1.2.0-14-ಜಿ’ ಎಂದು ಶುರುವಾಗಿ ಕಮಿಟ್ (ಗಿಟ್‌ನಲ್ಲಿ ದಾಖಲಾದ ಒಂದೊಂದು ಬದಲಾವಣೆ) ಗುರುತಿನಿಂದ ಮುಗಿಯುವ ಹೆಸರು ಕೊಡುತ್ತದೆ. 1.2.0 ಆದ ಮೇಲೆ 14 ಕಮಿಟ್ ಎಂದು ಅರ್ಥ. ಅದನ್ನೇ ಆವೃತ್ತಿಯಾಗಿ ಬಳಸಿದರೆ ಸೆಮ್‌ವರ್ ಹೈಫನ್ ಕಂಡು ‘1.2.0ಕ್ಕೆ ಮೊದಲಿನದು’ ಎಂದು ತಿರುವು-ಮುರುವಾಗಿ ಓದುತ್ತದೆ. ಕಮಿಟ್ ಗುರುತು ಬೇಕಿದ್ದರೆ ಕೂಡಿಸುವ ಚಿಹ್ನೆಯ (+) ನಂತರ ಹಾಕಿ. ಅಲ್ಲಿರುವುದನ್ನು ಸೆಮ್‌ವರ್ ಹೋಲಿಕೆಗೆ ತೆಗೆದುಕೊಳ್ಳುವುದಿಲ್ಲ. ಪೈಪಿಐಗೆ ಏರಿಸುವಾಗ ಮಾತ್ರ ಆ ಭಾಗ ಇರಬಾರದು.

ಪದಗಳ ಅರ್ಥಕ್ಕೆ ಬರೋಣ. ನಮ್ಮಲ್ಲಿ ಅಡಿಕೆ ಗೋಣಿಯ ಮೇಲೆ ಪಟೋರ ಎಂದಿದ್ದರೆ, ಕರಿಗೋಟು ಎಂದಿದ್ದರೆ ಬಿಚ್ಚುವ ಮೊದಲೇ ಒಳಗೇನಿದೆ ಎಂದು ಗೊತ್ತಲ್ಲ, ಅಷ್ಟು ಖಚಿತವಾಗಿ ತಂಡದೊಳಗೆ ಒಪ್ಪಂದ ಇರಬೇಕು. ಆಲ್ಫಾ: ಇನ್ನೂ ಹೊಸ ಸೌಲಭ್ಯ ಸೇರುತ್ತಿದೆ, ಕಡತದ ವಿನ್ಯಾಸವೂ ಬದಲಾದೀತು, ತಂಡದ ಹೊರಗೆ ಕೊಡುವುದಿಲ್ಲ. ಬೀಟಾ: ಹೊಸತು ಸೇರಿಸುವುದು ನಿಂತಿತು, ಹೊರಗಿನವರು ಬಳಸಿ ತಪ್ಪು ಹುಡುಕಲಿ. ಪೈಥಾನ್ ಭಾಷೆಯ ಬಿಡುಗಡೆಯಲ್ಲೂ ಮೊದಲ ಬೀಟಾದಂದೇ ಸೌಲಭ್ಯಗಳಿಗೆ ಬಾಗಿಲು ಹಾಕುತ್ತಾರೆ. ಆರ್‌ಸಿ ಅಂದರೆ ಮದುವೆ ಕಾಗದದ ಕೊನೆಯ ಪ್ರೂಫ್. ತಪ್ಪು ಸಿಕ್ಕದಿದ್ದರೆ ಇದೇ ಅಚ್ಚಿಗೆ ಹೋಗುತ್ತದೆ. ಆಗ ‘ಸ್ವಲ್ಪ ಬಣ್ಣ ಬದಲಿಸೋಣ’ ಎನ್ನುವಂತಿಲ್ಲ. ಲಿಬ್ರೆಆಫೀಸ್‌ನವರು ಇದನ್ನು ಅಕ್ಷರಶಃ ಪಾಲಿಸುತ್ತಾರೆ: ಅವರ ನಾಲ್ಕನೆಯ ಅಂಕಿ ಆರ್‌ಸಿಯ ಸಂಖ್ಯೆ, ತಪ್ಪಿಲ್ಲದೆ ಪಾಸಾದ ಕೊನೆಯ ಆರ್‌ಸಿಯೇ ಬಿಡುಗಡೆಯಾಗುತ್ತದೆ.

ಎಲ್ಲರೂ ಇದೇ ಪದಗಳನ್ನು ಬಳಸುವುದಿಲ್ಲ. ಲಿನಕ್ಸ್ ಕರ್ನಲ್‌ನಲ್ಲಿ ಆಲ್ಫಾ, ಬೀಟಾ ಇಲ್ಲವೇ ಇಲ್ಲ. ಎರಡು ವಾರ ಹೊಸ ಕೋಡು ಸೇರಿಸಿ ಆರ್‌ಸಿ1, ಮತ್ತೆ ವಾರಕ್ಕೊಂದರಂತೆ ಸಾಮಾನ್ಯವಾಗಿ ಆರ್‌ಸಿ7 ಅಥವಾ 8ರವರೆಗೆ. ಅವರ ಆರ್‌ಸಿ1 ನಿಮ್ಮ ಬೀಟಾಕ್ಕೆ ಸಮ. ಲಿನಕ್ಸಿಗೆ ಡೆಸ್ಕ್‌ಟಾಪ್ ಮಾಡುವ ಕೆಡಿಇಯವರು ಅಕ್ಷರವೇ ಬೇಡವೆಂದು 22.12ರ ಬೀಟಾವನ್ನು 22.11.80, ಆರ್‌ಸಿಯನ್ನು 22.11.90 ಎಂದು ಕರೆದರು. ಯಾವ ಸಾಧನಕ್ಕೂ ಗೊಂದಲವಾಗದ ಜಾಣತನ, ಆದರೆ ಕೇಳಿದವರಿಗೆಲ್ಲ ವಿವರಿಸುತ್ತಾ ಕೂರಬೇಕು. ಇನ್ನೊಂದು ಡೆಸ್ಕ್‌ಟಾಪ್ ಆದ ಗ್ನೋಮ್ ಬಹುಕಾಲ ಬೆಸ ಸಂಖ್ಯೆ ಪರೀಕ್ಷೆಗೆ, ಸಮ ಸಂಖ್ಯೆ ಬಳಕೆಗೆ ಎಂದು ನಡೆಸಿ, 2021ರ ಮಾರ್ಚಿನಲ್ಲಿ ಬಂದ 40ರಿಂದ ಆಲ್ಫಾ, ಬೀಟಾ, ಆರ್‌ಸಿಗೆ ಬಂತು. ‘ನಮ್ಮದು ಇನ್ನೂ 0.9, ಆದ್ದರಿಂದ ಬೀಟಾ ಎನ್ನಬೇಕಿಲ್ಲ’ ಎಂಬ ವಾದವೂ ಇದೆ. ಸಾಧನಗಳ ಮಟ್ಟಿಗೆ ಬಾಲವಿಲ್ಲದ 0.9.0 ಪೂರ್ಣ ಬಿಡುಗಡೆಯೇ. ಪಿಪ್ ಅದನ್ನು ಎಲ್ಲರಿಗೂ ಹಂಚುತ್ತದೆ.

ಆರ್‌ಸಿ ಹೊರಬೀಳುವ ದಿನ ಮಾಡಬೇಕಾದ್ದು ಕೆಲವೇ. ವಿವರಣೆಯಿರುವ ಟ್ಯಾಗ್ ಹಾಕಿ. ಹಾಕಿದ ಮೇಲೆ ಸರಿಸಬೇಡಿ; ಈಗಾಗಲೇ ಇಳಿಸಿಕೊಂಡವರ ಬಳಿ ಹಳೆಯ ಟ್ಯಾಗೇ ಉಳಿದು, ಒಂದೇ ಹೆಸರಿನ ಎರಡು ತಂತ್ರಾಂಶ ಓಡಾಡುತ್ತವೆ. ಗಿಟ್‌ಹಬ್‌ನಲ್ಲಿ ಬಿಡುಗಡೆ ಪುಟ ತೆರೆದರೆ ‘ಪ್ರೀ-ರಿಲೀಸ್’ ಚೌಕಕ್ಕೆ ಗುರುತು ಹಾಕಿ, ಇಲ್ಲದಿದ್ದರೆ ಪುಟದಲ್ಲಿ ‘ಲೇಟೆಸ್ಟ್’ ಪಟ್ಟಿ ಅದಕ್ಕೇ ಅಂಟಿಕೊಂಡೀತು. ಡೆಬ್ ಸಂಗ್ರಹದಲ್ಲಿ ಪರೀಕ್ಷೆಯದ್ದಕ್ಕೆ ಬೇರೆ ವಿಭಾಗ ಇಡಿ, ಏಕೆಂದರೆ ಅಲ್ಲಿಂದ ಅಪ್‌ಡೇಟ್ ತರುವ ಆಪ್ಟ್‌ಗೆ ಪಿಪ್‌ನ ಹಾಗೆ ಬಿಡುಗಡೆಪೂರ್ವ ಎಂಬ ಭೇದಭಾವ ತಿಳಿಯದು. ಸಂಗ್ರಹದಲ್ಲಿ ಕಂಡ ಅತಿ ದೊಡ್ಡ ಸಂಖ್ಯೆಯನ್ನು ಹಾಕಿಬಿಡುತ್ತದೆ. ದಿನದ ಆಯ್ಕೆಯೂ ಮುಖ್ಯ: ಓಣಂ ರಜೆಯ ಹಿಂದಿನ ದಿನ ಆರ್‌ಸಿ ಬಿಟ್ಟರೆ ಲ್ಯಾಬಿಗೆ ಬೀಗ, ಮಾರ್ಚಿನಲ್ಲಿ ಬಿಟ್ಟರೆ ಎಸ್ಸೆಸ್ಸೆಲ್ಸಿ ಗದ್ದಲ. ಯಾರೂ ತೆರೆದು ನೋಡದ ಆರ್‌ಸಿಯಲ್ಲಿ ತಪ್ಪು ಸಿಗಲಿಲ್ಲ ಎಂದರೆ ಏನೂ ಹೇಳಿದಂತಾಗಲಿಲ್ಲ. ಪಾಠ ನಡೆಯುವ ಎರಡು ಪೂರ್ಣ ವಾರ ಸಿಗುವಂತೆ ನೋಡಿಕೊಳ್ಳಿ.

ಕೊನೆಗೆ ನಿಮ್ಮ ಕೊನೆಯ ಪ್ರಶ್ನೆ. ಪರದೆಯ ಮೇಲೆ ‘ಆರ್‌ಸಿ’ ಎಂದು ತೋರಿಸಬೇಡಿ; ಅಧ್ಯಾಪಕರಿಗೆ ಅದು ವಾಹನದ ದಾಖಲೆ ಅಥವಾ ರೇಷನ್ ಕಾರ್ಡು. ಮುಖಪುಟದಲ್ಲಿ ‘1.2 – ಪರೀಕ್ಷಾ ಆವೃತ್ತಿ’ ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಬರೆಯಿರಿ. ‘ತಂತ್ರಾಂಶದ ಕುರಿತು’ ಕಿಟಕಿಯಲ್ಲಿ ಸಾಧನಗಳು ಬಳಸುವ ಪೂರ್ತಿ ಹೆಸರನ್ನು, ಕಮಿಟ್ ಗುರುತಿನ ಮೊದಲ ಏಳು ಅಕ್ಷರಗಳ ಸಹಿತ, ಸಣ್ಣ ಅಕ್ಷರದಲ್ಲಿ ಇಡಿ. ಅದರ ಪಕ್ಕದಲ್ಲೇ ‘ನಕಲಿಸು’ ಗುಂಡಿ ಇದ್ದರೆ ತಪ್ಪು ವರದಿ ಮಾಡುವವರು ಅದನ್ನು ಹಾಗೆಯೇ ವಾಟ್ಸ್‌ಆ್ಯಪಿಗೆ ಅಂಟಿಸುತ್ತಾರೆ, ಯಾವ ಶಾಲೆಯಲ್ಲಿ ಯಾವ ಆವೃತ್ತಿ ಇದೆ ಎಂದು ಫೋನು ಮಾಡಿ ಕೇಳುವ ಕೆಲಸ ನಿಮಗೆ ಉಳಿಯುವುದಿಲ್ಲ.